ಎಲ್ಲಕ್ಕೂ ಒಂದೇ ಸುರಂಗ ಬೇಡ

ಬೆಂಗಳೂರಿನ ವಿದ್ಯಾವಂತ ಮಧ್ಯಮವರ್ಗದ ಮನೆಗಳಿಗೆ ಕಳೆದ ಕೆಲವು ವರ್ಷಗಳಲ್ಲಿ ಎರಡು ಹೊಸ ವ್ಯವಸ್ಥೆಗಳು ಹೆಚ್ಚು ಸದ್ದುಗದ್ದಲವಿಲ್ಲದೆ ಬಂದು ಸೇರಿವೆ. ಒಂದು, ವಿಪಿಎನ್ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿರುವ ‘ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್’. ಮತ್ತೊಂದು, ಮನೆಯ ಮೂಲೆಯಲ್ಲಿ ಹಗಲಿರುಳು ಚಾಲೂ ಇರುವ ಪುಟ್ಟ ಕಂಪ್ಯೂಟರಿನಲ್ಲಿ ಕುಟುಂಬದ ಚಿತ್ರ, ಧ್ವನಿ, ಚಲನಚಿತ್ರಗಳನ್ನು ಕೂಡಿಟ್ಟು, ಟಿ.ವಿ., ಮೊಬೈಲು, ಲ್ಯಾಪ್‌ಟಾಪುಗಳಿಗೆಲ್ಲ ಒದಗಿಸುವ ಮೀಡಿಯಾ ಸರ್ವರ್. ಮೊದಲನೆಯದು ನಮ್ಮ ವ್ಯವಹಾರವನ್ನು ಪರರ ಕಣ್ಣಿನಿಂದ ಮರೆಮಾಡುವ ಭರವಸೆ ಕೊಡುತ್ತದೆ. ಎರಡನೆಯದು ನಮ್ಮ ನೆನಪುಗಳನ್ನು ನಮ್ಮ ಕೈಯಲ್ಲೇ ಉಳಿಸುವ ಭರವಸೆ ಕೊಡುತ್ತದೆ. ಆದರೆ ಎರಡೂ ಒಂದೇ ಮನೆಯಲ್ಲಿ ಸೇರಿದಾಗ ಹೊಂದಾಣಿಕೆ ಕಷ್ಟ. ವಿಪಿಎನ್ ಹಾಕಿದರೆ ಸರ್ವರ್ ಸಿಗುವುದಿಲ್ಲ. ಸರ್ವರ್ ಬೇಕೆಂದರೆ ವಿಪಿಎನ್ ಆರಿಸಬೇಕು. ನಾನು ಕಂಡ ಮನೆಗಳಲ್ಲೆಲ್ಲ ಕೊನೆಗೆ ಆರುವುದು ವಿಪಿಎನ್ನೇ.

ಈ ತೊಡಕಿಗೆ ತಂತ್ರಜ್ಞಾನದಲ್ಲಿ ಬಹಳ ಹಿಂದೆಯೇ ಪರಿಹಾರವಿದೆ. ಅದರ ಹೆಸರು ‘ಸ್ಪ್ಲಿಟ್ ಟನೆಲಿಂಗ್’. ಕನ್ನಡದಲ್ಲಿ ಅದನ್ನು ‘ಕವಲು ಸುರಂಗ’ ಎಂದು ಕರೆಯೋಣ. ಮನೆಯಿಂದ ಹೊರಡುವ ಮಾಹಿತಿಯನ್ನೆಲ್ಲ ಒಂದೇ ಸುರಂಗಕ್ಕೆ ತಳ್ಳದೆ, ಇಂತಿಂಥದು ಸುರಂಗದೊಳಗೆ, ಇಂತಿಂಥದು ನೇರ ದಾರಿಯಲ್ಲಿ ಎಂದು ವಿಂಗಡಿಸುವ ಏರ್ಪಾಡು ಅದು. ಮೇಲುನೋಟಕ್ಕೆ ಇದು ಗುಂಡಿಯೊತ್ತಿ ಮುಗಿಸುವ ಸಣ್ಣ ವಿಚಾರವೆಂದು ತೋರಬಹುದು. ಆದರೆ ಇದರ ಹಿಂದಿರುವ ಪ್ರಶ್ನೆ ಸಣ್ಣದಲ್ಲ. ಮನೆಯ ಯಾವ ಮಾಹಿತಿ ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವವರು ಯಾರು? ಈ ತೀರ್ಮಾನವನ್ನು ಕಂಪನಿಗಳಿಗೋ ಜಾಹೀರಾತುಗಳಿಗೋ ಬಿಟ್ಟುಕೊಡದೆ ಮನೆಯವರೇ ಅರಿತು ಕೈಗೊಳ್ಳಬೇಕೆಂಬುದು ನನ್ನ ವಾದ.

ವಿಪಿಎನ್ ಹುಟ್ಟಿದ್ದು ಮನೆಗಾಗಿ ಅಲ್ಲ, ಕಚೇರಿಗಾಗಿ. ಊರೂರು ತಿರುಗುವ ನೌಕರರು ಕಂಪನಿಯ ಒಳಜಾಲವನ್ನು ಸುರಕ್ಷಿತವಾಗಿ ತಲುಪಲೆಂದು 1990ರ ದಶಕದಲ್ಲಿ ಮೈಕ್ರೋಸಾಫ್ಟ್ ಮತ್ತಿತರ ಸಂಸ್ಥೆಗಳು ಪಿಪಿಟಿಪಿ ಎಂಬ ವಿಧಾನವನ್ನು ರೂಪಿಸಿದವು. ಅದರ ವಿವರಗಳು 1999ರಲ್ಲಿ ಪ್ರಕಟವಾದವು. ವಿಧಾನಗಳು ಬದಲಾಗಿವೆ, ತತ್ತ್ವ ಬದಲಾಗಿಲ್ಲ. ನಾವು ಬರೆದ ಪತ್ರವನ್ನು ಮೊಹರು ಮಾಡಿದ ಮತ್ತೊಂದು ಲಕೋಟೆಯಲ್ಲಿಟ್ಟು ನಂಬಿಕಸ್ಥರೊಬ್ಬರಿಗೆ ಕಳುಹಿಸುತ್ತೇವೆ. ಅವರು ಹೊರಗಿನ ಲಕೋಟೆಯನ್ನು ಒಡೆದು ಒಳಗಿನ ಪತ್ರವನ್ನು ವಿಳಾಸದಾರರಿಗೆ ಮುಟ್ಟಿಸುತ್ತಾರೆ. ಮಧ್ಯದ ಅಂಚೆಯವನಿಗೆ, ಅಂದರೆ ನಮ್ಮ ಬ್ರಾಡ್‌ಬ್ಯಾಂಡ್ ಕಂಪನಿಗೆ, ಕಾಣುವುದು ಹೊರಗಿನ ವಿಳಾಸ ಮಾತ್ರ. ಆದರೆ ಆ ನಂಬಿಕಸ್ಥರಿಗೆ ಒಳಗಿನ ವಿಳಾಸ ಕಂಡೇ ಕಾಣುತ್ತದೆ. ವಿಪಿಎನ್ ನಂಬಿಕೆಯ ಅಗತ್ಯವನ್ನು ಇಲ್ಲವಾಗಿಸುವುದಿಲ್ಲ. ಒಬ್ಬರ ಮೇಲಿದ್ದ ನಂಬಿಕೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುತ್ತದೆ, ಅಷ್ಟೆ. ‘ಒಮ್ಮೆ ಹಾಕಿಕೊಂಡರೆ ಎಲ್ಲವೂ ಭದ್ರ’ ಎಂಬ ಜಾಹೀರಾತಿನ ಮಾತನ್ನು ಕೇಳುವಾಗ ಇದನ್ನು ನೆನಪಿನಲ್ಲಿಡಬೇಕು.

ಮೀಡಿಯಾ ಸರ್ವರ್ ಬೇರೊಂದು ಹಂಬಲದಿಂದ ಹುಟ್ಟಿದ್ದು. ಪ್ಲೆಕ್ಸ್, ಎಮ್ಬಿ, ಜೆಲ್ಲಿಫಿನ್ ಮುಂತಾದ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಎಮ್ಬಿ ತನ್ನ ತಂತ್ರಾಂಶದ ಮೂಲವನ್ನು ಸಾರ್ವಜನಿಕರಿಗೆ ಮುಚ್ಚಿದಾಗ, 2018ರ ಡಿಸೆಂಬರಿನಲ್ಲಿ ಅದರಿಂದ ಕವಲೊಡೆದ ಜೆಲ್ಲಿಫಿನ್ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಮುಕ್ತ ತಂತ್ರಾಂಶ. ಇದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ಹಳೆಯದೊಂದು ಲ್ಯಾಪ್‌ಟಾಪ್ ಸಾಕು. ಹತ್ತು ವ್ಯಾಟ್ ಬಳಸುವ ಪುಟ್ಟ ಯಂತ್ರವನ್ನು ತಿಂಗಳಿಡೀ ಆರಿಸದೆ ಇಟ್ಟರೂ ಖರ್ಚಾಗುವುದು ಏಳು ಯೂನಿಟ್ ಚಿಲ್ಲರೆ ವಿದ್ಯುತ್ತು. ಒಂದು ಗಂಟೆಯ ಕ್ಯಾಸೆಟ್ಟನ್ನು ಸಾಮಾನ್ಯ ಗುಣಮಟ್ಟದಲ್ಲಿ ಡಿಜಿಟಲ್ ರೂಪಕ್ಕೆ ತಂದರೆ ಅದು ಸುಮಾರು 58 ಮೆಗಾಬೈಟ್ ಆಗುತ್ತದೆ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಅಂಥ ಹದಿನೇಳು ಸಾವಿರ ಗಂಟೆಗಳ ಧ್ವನಿ ಹಿಡಿಯುತ್ತದೆ.

ನಮ್ಮ ಮನೆಯ ಸರ್ವರಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಚಲನಚಿತ್ರಗಳನ್ನಲ್ಲ. ನನ್ನ ಸೋದರಮಾವ 1980ರ ದಶಕದಲ್ಲಿ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಅಜ್ಜಿಯ ಹಸೆ ಹಾಡುಗಳು ಅದರಲ್ಲಿವೆ. ಊರಿನ ದೇವಸ್ಥಾನದ ಜಗಲಿಯಲ್ಲಿ ನಡೆದ ತಾಳಮದ್ದಲೆಯ ಧ್ವನಿಮುದ್ರಣಗಳಿವೆ. ಮದುವೆ, ಗೃಹಪ್ರವೇಶಗಳ ವಿಡಿಯೊಗಳಿವೆ. ಅಮೆರಿಕದಲ್ಲಿರುವ ತಂಗಿ ಆ ಹಾಡುಗಳನ್ನು ತನ್ನ ಮಕ್ಕಳಿಗೆ ಕೇಳಿಸುತ್ತಾಳೆ. ಅಜ್ಜಿ ಈಗಿಲ್ಲ. ಆ ಹಾಡುಗಳನ್ನು ಅದೇ ಧಾಟಿಯಲ್ಲಿ ಹಾಡಬಲ್ಲವರೂ ನಮ್ಮ ಮನೆತನದಲ್ಲಿ ಉಳಿದಿಲ್ಲ. ಜಗತ್ತಿನ ಯಾವ ಸ್ಟ್ರೀಮಿಂಗ್ ಸೇವೆಗೆ ಎಷ್ಟು ಚಂದಾ ಕಟ್ಟಿದರೂ ಅವು ದೊರೆಯುವುದಿಲ್ಲ. ಇಂಥ ಸಂಗ್ರಹ ಕನ್ನಡದ ಅನೇಕ ಮನೆಗಳ ಅಟ್ಟದಲ್ಲಿ, ಬೂಸ್ಟು ಹಿಡಿಯುತ್ತಿರುವ ಕ್ಯಾಸೆಟ್ಟುಗಳ ರೂಪದಲ್ಲಿ ಬಿದ್ದಿದೆ. ಅದನ್ನು ಉಳಿಸಿ ಮನೆಮಂದಿಗೆಲ್ಲ ಸಿಗುವಂತೆ ಮಾಡುವುದೇ ಮೀಡಿಯಾ ಸರ್ವರಿನ ನಿಜವಾದ ಪ್ರಯೋಜನ.

ಹಣ ಕೊಟ್ಟು ಪಡೆದದ್ದೂ ನಮ್ಮದಾಗಿ ಉಳಿಯುವುದಿಲ್ಲವೆಂಬ ಕಾಲದಲ್ಲಿ ನಾವಿದ್ದೇವೆ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿಯು ಹಕ್ಕುಸ್ವಾಮ್ಯದ ತಕರಾರಿನ ಕಾರಣ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಓದುಗರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಆಮೇಲೆ ಅದರ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಕೊಂಡವರ ಕಪಾಟಿಗೆ ಮಾರಿದವರು ಯಾವಾಗ ಬೇಕಾದರೂ ಕೈಹಾಕಬಲ್ಲರೆಂಬುದು ಅಂದು ಲೋಕಕ್ಕೆ ತಿಳಿಯಿತು. ಡಿಜಿಟಲ್ ಸರಕನ್ನು ಮಾರುವಾಗ ಅದು ಮಾರಾಟವಲ್ಲ, ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದು 2025ರ ಜನವರಿಯಲ್ಲಿ. ಈ ಹಿನ್ನೆಲೆಯಲ್ಲಿ ನೋಡಿದರೆ ಮನೆಯ ಸರ್ವರ್ ಹವ್ಯಾಸಿಗಳ ಆಟಿಕೆಯಲ್ಲ.

ಇನ್ನು ಇವೆರಡರ ತೊಡಕು ಎಲ್ಲಿದೆ ಎಂಬುದನ್ನು ನೋಡೋಣ. ವಿಪಿಎನ್ ತಂತ್ರಾಂಶವನ್ನು ಚಾಲೂ ಮಾಡಿದೊಡನೆ ಅದು ಕಂಪ್ಯೂಟರಿನ ದಾರಿಪಟ್ಟಿಯನ್ನು ಬದಲಿಸುತ್ತದೆ. ಅದುವರೆಗೆ ಮನೆಯ ರೂಟರಿನ ಮೂಲಕ ನೇರವಾಗಿ ಹೊರಡುತ್ತಿದ್ದ ಎಲ್ಲವೂ ಇನ್ನು ಮುಂದೆ ಸುರಂಗದ ಮೂಲಕವೇ ಹೊರಡಬೇಕು. ಸೋರಿಕೆಯಾಗಬಾರದೆಂಬ ಕಾಳಜಿಯಿಂದ ಅನೇಕ ವಿಪಿಎನ್‌ಗಳು ಮನೆಯೊಳಗಿನ ಇತರ ಯಂತ್ರಗಳೊಂದಿಗಿನ ಸಂಪರ್ಕವನ್ನೂ ಕಡಿದುಹಾಕುತ್ತವೆ. ಪಕ್ಕದ ಕೋಣೆಯ ಸರ್ವರ್ ಆಗ ಲ್ಯಾಪ್‌ಟಾಪಿಗೆ ಕಾಣದಾಗುತ್ತದೆ. ಪ್ರಿಂಟರ್ ಕೂಡ ಕೆಲಸ ಮಾಡುವುದಿಲ್ಲ. ಸರ್ವರ್ ಇರುವ ಯಂತ್ರಕ್ಕೇ ವಿಪಿಎನ್ ಹಾಕಿದರೆ ಮತ್ತೊಂದು ಬಗೆಯ ತೊಂದರೆ. ಹೊರಗಿನಿಂದ ಬಂದ ಕರೆ ಮನೆಯ ವಿಳಾಸಕ್ಕೆ ಬರುತ್ತದೆ, ಉತ್ತರ ಮಾತ್ರ ಸುರಂಗದ ಮೂಲಕ ಬೇರೊಂದು ವಿಳಾಸದಿಂದ ಹೊರಡುತ್ತದೆ. ಒಬ್ಬರನ್ನು ಕೇಳಿದರೆ ಮತ್ತೊಬ್ಬರು ಉತ್ತರಿಸಿದಂತಾಗಿ, ಕೇಳಿದ ಯಂತ್ರ ಆ ಉತ್ತರವನ್ನು ತಿರಸ್ಕರಿಸುತ್ತದೆ. ಹೊರದೇಶದಲ್ಲಿರುವ ಮಗಳಿಗೆ ‘ಸರ್ವರ್ ಲಭ್ಯವಿಲ್ಲ’ ಎಂಬ ಸಾಲು ಕಾಣುವುದು ಇದರಿಂದಲೇ.

ಕವಲು ಸುರಂಗ ಈ ತೊಡಕನ್ನು ಬಿಡಿಸುವುದು ಎರಡು ಬಗೆಯಲ್ಲಿ. ಮೊದಲನೆಯದು ತಂತ್ರಾಂಶವಾರು ವಿಂಗಡಣೆ: ಬ್ರೌಸರ್ ಸುರಂಗದೊಳಗೆ, ಮೀಡಿಯಾ ಸರ್ವರ್ ಹೊರಗೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ 2014ರ ಐದನೇ ಆವೃತ್ತಿಯಿಂದಲೂ ಇದಕ್ಕೆ ಅವಕಾಶವಿದೆ. ಐಫೋನಿನಲ್ಲಿ ಇಂಥ ವಿಂಗಡಣೆ ಮುಖ್ಯವಾಗಿ ಸಂಸ್ಥೆಗಳು ನಿರ್ವಹಿಸುವ ಫೋನುಗಳಿಗಷ್ಟೇ ಮೀಸಲು. ಎರಡನೆಯದು ವಿಳಾಸವಾರು ವಿಂಗಡಣೆ. ಮನೆಯೊಳಗಿನ ಯಂತ್ರಗಳಿಗೆ 192.168 ಎಂದು ಆರಂಭವಾಗುವ ವಿಳಾಸಗಳಿರುವುದನ್ನು ಅನೇಕರು ಗಮನಿಸಿರಬಹುದು. ಇವು 1996ರಲ್ಲೇ ಖಾಸಗಿ ಬಳಕೆಗೆಂದು ಮೀಸಲಿಟ್ಟ ವಿಳಾಸಗಳು. ಸಾರ್ವಜನಿಕ ಅಂತರಜಾಲದಲ್ಲಿ ಇವುಗಳಿಗೆ ಅರ್ಥವಿಲ್ಲ. ಇವುಗಳನ್ನು ಸುರಂಗದಿಂದ ಹೊರಗಿಡಿ ಎಂದು ವಿಪಿಎನ್‌ಗೆ ತಿಳಿಸಿದರೆ ಮನೆಯ ಮಾತು ಮನೆಯಲ್ಲೇ ನಡೆಯುತ್ತದೆ, ಉಳಿದದ್ದು ಸುರಂಗ ಹಿಡಿಯುತ್ತದೆ. ಅಡುಗೆಮನೆಯಿಂದ ನಡುಮನೆಗೆ ಹೋಗಲು ಯಾರೂ ಊರ ಬಸ್ ನಿಲ್ದಾಣವನ್ನು ಸುತ್ತಿಬರುವುದಿಲ್ಲವಷ್ಟೆ.

ಭಾರತದ ಮಟ್ಟಿಗೆ ಈ ವಿಂಗಡಣೆಗೆ ವಿಶೇಷ ಮಹತ್ವ ಬಂದದ್ದು 2022ರಲ್ಲಿ. ಆ ವರ್ಷದ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಒಂದು ನಿರ್ದೇಶನ ಹೊರಡಿಸಿತು. ಸಾರ್ವಜನಿಕರಿಗೆ ವಿಪಿಎನ್ ಸೇವೆ ಒದಗಿಸುವವರು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ನೀಡಲಾದ ಐಪಿ ವಿಳಾಸ, ಸೇವೆ ಪಡೆದ ಉದ್ದೇಶ ಇವುಗಳನ್ನೆಲ್ಲ ಕನಿಷ್ಠ ಐದು ವರ್ಷ ಕಾಪಾಡಬೇಕೆಂಬುದು ಅದರ ಸಾರ. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗಳಿಗೆ ಇದು ಅನ್ವಯಿಸದೆಂದು ಸಂಸ್ಥೆ ಆಮೇಲೆ ಸ್ಪಷ್ಟಪಡಿಸಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮುಂತಾದ ಕಂಪನಿಗಳು ಜೂನ್ ತಿಂಗಳಲ್ಲಿ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆಯುವುದಾಗಿ ಪ್ರಕಟಿಸಿದವು. ಭಾರತದ ವಿಳಾಸ ಬೇಕೆನ್ನುವ ಗ್ರಾಹಕರಿಗೆ ಸಿಂಗಪುರ ಮತ್ತು ಬ್ರಿಟನ್‌ನಲ್ಲಿರುವ ಯಂತ್ರಗಳಿಂದ ಅದನ್ನು ಒದಗಿಸುವುದಾಗಿ ಎಕ್ಸ್‌ಪ್ರೆಸ್‌ವಿಪಿಎನ್ ತಿಳಿಸಿತು.

ಇದರ ಪರಿಣಾಮವನ್ನು ಲೆಕ್ಕ ಹಾಕಬಹುದು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ಅಂತರವೇ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿಬರಲು ಕನಿಷ್ಠ 30 ಮಿಲಿಸೆಕೆಂಡಾದರೂ ಬೇಕು. ಸಮುದ್ರದಡಿಯ ತಂತಿಗಳು ನೇರವಾಗಿಲ್ಲದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಜಯನಗರದ ಮನೆಯಿಂದ ಮಲ್ಲೇಶ್ವರದ ಬ್ಯಾಂಕಿನ ತಾಣವನ್ನು ತಲುಪಲು ಮಾಹಿತಿ ಕಡಲು ದಾಟಿ ಮತ್ತೆ ಕಡಲು ದಾಟಬೇಕು. ಅಷ್ಟಾದ ಮೇಲೂ ಹೊರದೇಶದ ವಿಳಾಸವೆಂದು ಬ್ಯಾಂಕು ಸಂಶಯಪಡಬಹುದು. ನಮ್ಮ ಹೆಸರು, ಖಾತೆ ಸಂಖ್ಯೆಗಳನ್ನು ನಾವೇ ಕೊಟ್ಟು ಪ್ರವೇಶಿಸುವ, ಈಗಾಗಲೇ ಗೂಢಲಿಪಿಯಲ್ಲಿ ನಡೆಯುವ ಬ್ಯಾಂಕ್ ವ್ಯವಹಾರವನ್ನು ಮನೆಯ ನಂಬಿಕೆಯ ಸಂಪರ್ಕದಲ್ಲಿದ್ದಾಗ ಸುರಂಗಕ್ಕೆ ಹಾಕಿ ಸಾಧಿಸುವುದು ಹೆಚ್ಚೇನೂ ಇಲ್ಲ. ಹೋಟೆಲಿನ, ವಿಮಾನ ನಿಲ್ದಾಣದ ವೈಫೈಯಲ್ಲಿದ್ದಾಗ ಮಾತು ಬೇರೆ. ಸಂದರ್ಭಕ್ಕೆ ತಕ್ಕ ದಾರಿ ಎಂಬುದೇ ಇಲ್ಲಿನ ವಿವೇಕ.

ಕವಲು ಸುರಂಗದ ಉಪಯೋಗ ಇನ್ನೊಂದು ದಿಕ್ಕಿನಿಂದಲೂ ಇದೆ. ಹೊರಗಿರುವವರು ಮನೆಯ ಸರ್ವರನ್ನು ತಲುಪಬೇಕಾದರೆ ಹಳೆಯ ಉಪಾಯವೆಂದರೆ ರೂಟರಿನಲ್ಲಿ ಲೋಕಕ್ಕೆಲ್ಲ ಕಾಣುವ ಒಂದು ಕಿಂಡಿ ತೆರೆದಿಡುವುದು. ಅದು ಅಪಾಯಕರ, ಅಂಥ ಕಿಂಡಿಗಳನ್ನು ಹುಡುಕುತ್ತಲೇ ಇರುವ ಸ್ವಯಂಚಾಲಿತ ಯಂತ್ರಗಳು ಅಂತರಜಾಲದಲ್ಲಿ ಲೆಕ್ಕವಿಲ್ಲದಷ್ಟಿವೆ. ಅಲ್ಲದೆ ನಮ್ಮಲ್ಲಿ ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುವುದರಿಂದ ಆ ಉಪಾಯ ಕೆಲಸ ಮಾಡುವುದೂ ಇಲ್ಲ. ಇದಕ್ಕಿಂತ ಮೇಲಾದದ್ದು ಮನೆಗೇ ಒಂದು ಸ್ವಂತ ಸುರಂಗ. 2020ರ ಮಾರ್ಚ್‌ನಲ್ಲಿ ಲಿನಕ್ಸ್‌ನ ತಿರುಳಿಗೆ ಸೇರ್ಪಡೆಯಾದ ವೈರ್‌ಗಾರ್ಡ್ ಎಂಬ ವಿಧಾನ ಮತ್ತು ಅದನ್ನೇ ಆಧರಿಸಿದ ಟೇಲ್‌ಸ್ಕೇಲ್‌ನಂಥ ಸೇವೆಗಳು ಇದನ್ನು ಸುಲಭಗೊಳಿಸಿವೆ. ಹಂಚಿಕೊಂಡ ವಿಳಾಸದ ತೊಡಕನ್ನು ದಾಟುವ ದಾರಿಯೂ ಇಂಥ ಸೇವೆಗಳಲ್ಲಿದೆ. ವೈರ್‌ಗಾರ್ಡ್‌ನಲ್ಲಿ ಯಾವ ವಿಳಾಸಗಳು ಸುರಂಗಕ್ಕೆ ಸೇರಬೇಕೆಂದು ಒಂದು ಸಾಲಿನಲ್ಲಿ ಬರೆಯುತ್ತೇವೆ. ಮನೆಯ ವಿಳಾಸವನ್ನಷ್ಟೇ ಬರೆದರೆ ತಂಗಿಯ ಫೋನಿನಿಂದ ಹಸೆ ಹಾಡಿನ ಕೋರಿಕೆ ಮಾತ್ರ ಬೆಂಗಳೂರಿಗೆ ಬರುತ್ತದೆ; ಅವಳ ಉಳಿದ ವ್ಯವಹಾರ ಅಲ್ಲಿಯ ದಾರಿಯಲ್ಲೇ ಸಾಗುತ್ತದೆ. ಎರಡೂ ಮನೆಗಳ ರೂಟರುಗಳಲ್ಲಿ ಒಂದೇ ವಿಳಾಸ ಸರಣಿ ಇರದಂತೆ ಮಾತ್ರ ನೋಡಿಕೊಳ್ಳಬೇಕು. ಇದ್ದರೆ ಯಾವ ಮನೆಯ ಯಂತ್ರವೆಂದು ಫೋನಿಗೆ ತಿಳಿಯುವುದಿಲ್ಲ.

ಇಷ್ಟೆಲ್ಲ ಅನುಕೂಲವಿರುವಾಗ ವಿರೋಧ ಯಾಕೆ? ವಿರೋಧಿಸುವವರಲ್ಲಿ ಮೊದಲಿಗರು ಕಚೇರಿಗಳ ಭದ್ರತಾ ವಿಭಾಗದವರು. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪಿನಲ್ಲಿ ಕವಲು ಸುರಂಗಕ್ಕೆ ಅವರು ಅವಕಾಶ ಕೊಡುವುದಿಲ್ಲ. ಒಂದು ಕಾಲು ಕಂಪನಿಯ ಒಳಜಾಲದಲ್ಲಿ, ಇನ್ನೊಂದು ಕಾಲು ಅಂತರಜಾಲದ ಬೀದಿಯಲ್ಲಿ ಇಟ್ಟ ಯಂತ್ರ ಕಳ್ಳರಿಗೆ ಸೇತುವೆಯಾಗಬಲ್ಲದು ಎಂಬುದು ಅವರ ಭಯ. ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಪಾಸ್‌ವರ್ಡ್‌ಗಳನ್ನು ಕಾಪಾಡುವ ಲಾಸ್ಟ್‌ಪಾಸ್ ಕಂಪನಿಯಲ್ಲಿ 2022ರಲ್ಲಿ ನಡೆದ ಕಳವಿನ ವಿವರ ಇದಕ್ಕೆ ಸಾಕ್ಷಿ. ಅಲ್ಲಿನ ಒಬ್ಬ ಹಿರಿಯ ಎಂಜಿನಿಯರ್ ಮನೆಯ ಕಂಪ್ಯೂಟರಿನಲ್ಲಿ ಪ್ಲೆಕ್ಸ್ ಮೀಡಿಯಾ ಸರ್ವರ್ ಇತ್ತು. ಅದರಲ್ಲಿದ್ದ ದೋಷವೊಂದನ್ನು ಬಳಸಿ ಒಳಹೊಕ್ಕವರು ಕೀಲಿಮಣೆಯ ಮೇಲೆ ಒತ್ತಿದ್ದೆಲ್ಲವನ್ನೂ ದಾಖಲಿಸುವ ತಂತ್ರಾಂಶವನ್ನು ಅಲ್ಲಿಟ್ಟರು. ಮುಖ್ಯ ಪಾಸ್‌ವರ್ಡ್ ಅವರ ಕೈಸೇರಿತು. ಕಂಪನಿಯ ಗ್ರಾಹಕರ ಪಾಸ್‌ವರ್ಡ್ ಭಂಡಾರಗಳ ಗೂಢಲಿಪಿಯ ಪ್ರತಿಗಳೂ ಕಳವಾದವು. ಆ ದೋಷಕ್ಕೆ ಪ್ಲೆಕ್ಸ್ 2020ರ ಮೇ ತಿಂಗಳಲ್ಲೇ ಪರಿಹಾರ ಬಿಡುಗಡೆ ಮಾಡಿತ್ತು. ಎರಡು ವರ್ಷ ಕಳೆದರೂ ಆ ಯಂತ್ರದಲ್ಲಿ ಅದನ್ನು ಅಳವಡಿಸಿರಲಿಲ್ಲ.

ಈ ಪ್ರಕರಣವನ್ನು ಮುಂದಿಟ್ಟು ಮನೆಯ ಸರ್ವರೇ ಬೇಡ, ಕವಲೇ ಬೇಡ ಎನ್ನುವವರಿದ್ದಾರೆ. ನನಗೆ ಕಾಣುವ ಪಾಠ ಬೇರೆ. ಲಕ್ಷಾಂತರ ಜನರ ಗುಟ್ಟಿನ ಕೀಲಿಗಳನ್ನು ತಲುಪಬಲ್ಲ ಯಂತ್ರವೂ ಮನೆಯ ಮನರಂಜನೆಯ ಯಂತ್ರವೂ ಒಂದೇ ಆಗಿದ್ದುದು ಅಲ್ಲಿನ ಅಪಾಯ. ಅಲ್ಲಿ ಬೇಕಿದ್ದದ್ದು ಇನ್ನೂ ಬಿಗಿಯಾದ ಒಂದೇ ಸುರಂಗವಲ್ಲ, ಇನ್ನೂ ಸ್ಪಷ್ಟವಾದ ವಿಂಗಡಣೆ. ಭದ್ರತಾ ಮಾನದಂಡಗಳೇ ಈ ದಿಕ್ಕಿಗೆ ಹೊರಳಿವೆ. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯ 800-53 ನಿಯಮಾವಳಿಯ 2013ರ ಆವೃತ್ತಿ ದೂರದ ಯಂತ್ರಗಳಲ್ಲಿ ಕವಲು ಸುರಂಗವನ್ನು ತಡೆಯಬೇಕೆಂದು ಹೇಳಿತ್ತು. 2020ರ ಆವೃತ್ತಿ ‘ಸುರಕ್ಷಿತವಾಗಿ ಏರ್ಪಡಿಸಿದ್ದ ಹೊರತು’ ಎಂಬ ಷರತ್ತನ್ನು ಸೇರಿಸಿತು. ಅದೇ ವರ್ಷ ಕೊರೊನಾ ಕಾಲದಲ್ಲಿ ನೌಕರರೆಲ್ಲ ಮನೆಯಿಂದ ಕೆಲಸ ಮಾಡತೊಡಗಿ ಕಚೇರಿಗಳ ಸುರಂಗಗಳು ಕಿಕ್ಕಿರಿದಾಗ, ತನ್ನ ಆಫೀಸ್ 365 ಸೇವೆಗಳನ್ನು ಸುರಂಗದಿಂದ ಹೊರಗೆ ನೇರವಾಗಿ ಬಿಡುವಂತೆ ಮೈಕ್ರೋಸಾಫ್ಟ್ ತಾನೇ ಸಲಹೆ ನೀಡಿತು. ಕವಲು ಕೆಟ್ಟದ್ದಲ್ಲ, ಲೆಕ್ಕವಿಲ್ಲದ ಕವಲು ಕೆಟ್ಟದ್ದು ಎಂಬುದನ್ನು ಉದ್ಯಮವೂ ಒಪ್ಪಿಕೊಂಡಂತಾಯಿತು.

ಎರಡನೆಯ ಆಕ್ಷೇಪ ಖಾಸಗಿತನದ ಪಕ್ಷಪಾತಿಗಳದ್ದು. ಸುರಂಗಕ್ಕೆ ಕವಲು ತೆಗೆದರೆ ಸೋರಿಕೆ ಖಚಿತ ಎನ್ನುತ್ತಾರೆ ಅವರು. ಇದರಲ್ಲಿಯೂ ಹುರುಳಿದೆ. ಎಕ್ಸ್‌ಪ್ರೆಸ್‌ವಿಪಿಎನ್‌ನ ವಿಂಡೋಸ್ ತಂತ್ರಾಂಶದಲ್ಲಿ ಕವಲು ಸುರಂಗ ಬಳಸುತ್ತಿದ್ದ ಕೆಲವರು ಯಾವ ತಾಣದ ವಿಳಾಸ ಹುಡುಕಿದರೆಂಬ ಮಾಹಿತಿ ಸುರಂಗದ ಹೊರಗೆ ಹೋಗುತ್ತಿದ್ದುದು 2024ರ ಫೆಬ್ರವರಿಯಲ್ಲಿ ಬಯಲಾಯಿತು. ಈ ದೋಷ 2022ರ ಮೇ ತಿಂಗಳಿನಿಂದಲೂ ಇತ್ತು. ಕಂಪನಿ ಆ ಸೌಲಭ್ಯವನ್ನೇ ತಾತ್ಕಾಲಿಕವಾಗಿ ಹಿಂತೆಗೆದುಕೊಂಡಿತು. ಆದರೆ ಪೂರ್ಣ ಸುರಂಗವೂ ಸೋರದಿರುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ‘ಟನೆಲ್‌ವಿಷನ್’ ಎಂಬ ದೋಷ ಬೆಳಕಿಗೆ ಬಂತು. ಒಂದೇ ಜಾಲದಲ್ಲಿರುವ ದುರುಳನೊಬ್ಬ ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆಯ ಮೂಲಕವೇ ದಾರಿಪಟ್ಟಿಯನ್ನು ತಿದ್ದಿ ಮಾಹಿತಿಯನ್ನು ಸುರಂಗದಿಂದ ಹೊರಗೆಳೆಯಬಹುದೆಂಬುದು ಅದರ ತಿರುಳು. ಐಪಿಯ ನಾಲ್ಕನೇ ಆವೃತ್ತಿಯನ್ನಷ್ಟೇ ನೋಡಿಕೊಳ್ಳುವ ವಿಪಿಎನ್ ಇದ್ದರೆ ಆರನೇ ಆವೃತ್ತಿಯ ಮಾಹಿತಿ ಯಾರಿಗೂ ತಿಳಿಯದಂತೆ ಹೊರಗೇ ಓಡಾಡುತ್ತಿರುತ್ತದೆ. ‘ಎಲ್ಲವೂ ಒಳಗಿದೆ’ ಎಂದು ನಂಬಿ ಎಚ್ಚರ ತಪ್ಪುವುದಕ್ಕಿಂತ, ಇಂಥದು ಹೊರಗಿದೆ ಎಂದು ತಿಳಿದು ಎಚ್ಚರದಿಂದಿರುವುದು ಮೇಲು.

ಮೂರನೆಯದು ನೈತಿಕ ಆಕ್ಷೇಪ. ಮೀಡಿಯಾ ಸರ್ವರ್ ಮತ್ತು ವಿಪಿಎನ್ ಜೊತೆಗೂಡಿದವೆಂದರೆ ಕದ್ದ ಚಲನಚಿತ್ರಗಳ ವ್ಯವಹಾರವೇ ಎಂಬ ಗುಮಾನಿ ಹಲವರಲ್ಲಿದೆ. ಅಂಥ ಬಳಕೆ ಇಲ್ಲವೆಂದು ಹೇಳಿದರೆ ಅದು ಆತ್ಮವಂಚನೆ. ಕನ್ನಡ ಚಿತ್ರವೊಂದು ಬಿಡುಗಡೆಯಾದ ಬೆನ್ನಿಗೇ ಅದರ ಕಳ್ಳಪ್ರತಿ ಹರಿದಾಡುವುದು ನೂರಾರು ಜನರ ದುಡಿಮೆಗೆ ಬಗೆಯುವ ದ್ರೋಹ. ಅದಕ್ಕೆ ಸುರಂಗದ ಮರೆ ಒದಗಿಸುವುದು ಈ ಲೇಖನದ ಉದ್ದೇಶವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಉಪಯೋಗಕ್ಕಾಗಿ ನ್ಯಾಯೋಚಿತ ಬಳಕೆಗೆ ಅವಕಾಶ ನೀಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಸೆಕ್ಷನ್, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆಯುವುದನ್ನು ಶಿಕ್ಷಾರ್ಹವಾಗಿಸುತ್ತದೆ. ಈ ಎರಡರ ನಡುವಿನ ಗೆರೆಯನ್ನು ಗೌರವಿಸಿಯೇ ಸರ್ವರ್ ನಡೆಸಬಹುದು. ಕಳ್ಳರು ಬಳಸುತ್ತಾರೆಂಬ ಕಾರಣಕ್ಕೆ ಗೃಹಸ್ಥರಿಗೆ ಬೀಗವನ್ನೇ ನಿರಾಕರಿಸುವುದು ನ್ಯಾಯವಲ್ಲ.

ಹಾಗಾದರೆ ಸಾಮಾನ್ಯ ಗೃಹಸ್ಥರು ಮಾಡಬೇಕಾದದ್ದೇನು? ಮೊದಲನೆಯದಾಗಿ, ಸುರಂಗವನ್ನು ನಿಯಮವಾಗಿಯೂ ಕವಲನ್ನು ಅಪವಾದವಾಗಿಯೂ ಇಟ್ಟುಕೊಳ್ಳಬೇಕು. ಹೊರಗೆ ಬಿಡುವವುಗಳ ಪಟ್ಟಿ ಚಿಕ್ಕದಾಗಿರಲಿ, ಮನೆಯಲ್ಲಿ ಒಬ್ಬರಿಗಾದರೂ ಬಾಯಿಪಾಠ ಬರುವಂತಿರಲಿ. ಮನೆಯೊಳಗಿನ ವಿಳಾಸಗಳು, ಮೀಡಿಯಾ ಸರ್ವರ್, ಬ್ಯಾಂಕಿನ ಆ್ಯಪ್ ಇಷ್ಟೇ ಅನೇಕ ಮನೆಗಳಿಗೆ ಸಾಕಾಗುತ್ತದೆ. ಎರಡನೆಯದಾಗಿ, ಕಚೇರಿಯ ಲ್ಯಾಪ್‌ಟಾಪನ್ನು ಮನೆಯ ಸರ್ವರಿನಿಂದ ಸಂಪೂರ್ಣ ದೂರವಿಡಬೇಕು. ಬಹುಪಾಲು ರೂಟರುಗಳಲ್ಲಿರುವ ‘ಅತಿಥಿ ಜಾಲ’ದ ಸೌಲಭ್ಯ ಇದಕ್ಕೆ ನೆರವಾಗುತ್ತದೆ. ಕಚೇರಿಯ ಯಂತ್ರದಲ್ಲಿ ಕವಲು ನಿಷಿದ್ಧವಾಗಿದ್ದರೆ ಅದನ್ನು ಮುರಿಯಲು ಹೋಗಬಾರದು. ಆ ಯಂತ್ರ ನಮ್ಮದಲ್ಲ. ಮೂರನೆಯದಾಗಿ, ಸರ್ವರಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು. ನಾಲ್ಕನೆಯದಾಗಿ, ಹೊರಗಿನವರಿಗಾಗಿ ಕಿಂಡಿ ತೆರೆಯದೆ ಸ್ವಂತ ಸುರಂಗದ ಮೂಲಕವೇ ಕರೆದುಕೊಳ್ಳಬೇಕು. ಕೊನೆಯದಾಗಿ, ಸಂಗ್ರಹದ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡಬೇಕು. ವಿಪಿಎನ್ ಗೂಢಚಾರರಿಂದ ಕಾಪಾಡೀತು. ಡಿಸ್ಕ್ ಕೆಟ್ಟರೆ ಕಾಪಾಡದು.

ಸಂಸ್ಥೆಗಳ ಹೊಣೆಯೂ ಇದೆ. ಬ್ರಾಡ್‌ಬ್ಯಾಂಡ್ ಕಂಪನಿಗಳು ಮನೆಗಳಿಗೆ ಕೊಡುವ ರೂಟರುಗಳಲ್ಲಿ ಇಂಥ ವಿಂಗಡಣೆಗೆ ಸರಳ ಅವಕಾಶವಿರಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ‘ಕವಲು ನಿಷಿದ್ಧ’ ಎಂದು ಒಂದೇ ಸಾಲಿನ ಆಜ್ಞೆ ಹೊರಡಿಸುವ ಬದಲು, ನೌಕರರಿಗೆ ಅದರ ಕಾರಣವನ್ನು ತಿಳಿಸಿ, ಮನೆಯ ಜಾಲವನ್ನು ಬೇರ್ಪಡಿಸುವ ಬಗೆಯನ್ನು ಕಲಿಸಬೇಕು. ಸರ್ಟ್-ಇನ್ ಸಂಸ್ಥೆ ದಾಖಲೆಗಳನ್ನು ಐದು ವರ್ಷ ಇಡಿ ಎಂದು ಕಂಪನಿಗಳಿಗೆ ಹೇಳಿದಷ್ಟೇ ಕಳಕಳಿಯಿಂದ, ಮನೆಯ ಜಾಲವನ್ನು ಕಾಪಾಡಿಕೊಳ್ಳುವ ಬಗೆಯನ್ನು ಕನ್ನಡವೂ ಸೇರಿದಂತೆ ಜನರ ಭಾಷೆಗಳಲ್ಲಿ ಜನರಿಗೆ ಹೇಳಬೇಕು. ವಿಪಿಎನ್ ಮಾರುವವರು ಕವಲು ಸುರಂಗದ ಗುಂಡಿಯನ್ನು ‘ಮುಂದುವರಿದವರಿಗೆ ಮಾತ್ರ’ ಎಂಬ ಪುಟದಲ್ಲಿ ಅಡಗಿಸಿಡದೆ, ಅದರಿಂದ ಏನು ಹೊರಗೆ ಹೋಗುತ್ತದೆಂಬುದನ್ನು ಎದುರಿಗೇ ತೋರಿಸಬೇಕು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಆ ತೀರ್ಪು ಹೇಳಿದ ಮುಖ್ಯ ಮಾತುಗಳಲ್ಲೊಂದು, ತನ್ನ ಮಾಹಿತಿಯ ಮೇಲೆ ವ್ಯಕ್ತಿಗಿರಬೇಕಾದ ಹಿಡಿತ. ಹಿಡಿತವೆಂದರೆ ಎಲ್ಲವನ್ನೂ ಮುಚ್ಚಿಡುವುದಲ್ಲ. ಯಾವುದನ್ನು ಮುಚ್ಚಬೇಕು, ಯಾವುದನ್ನು ಯಾರೊಂದಿಗೆ ಹಂಚಿಕೊಳ್ಳಬೇಕು ಎಂಬ ನಿರ್ಧಾರ ನಮ್ಮದಾಗಿರುವುದು. ಎಲ್ಲವನ್ನೂ ಒಂದೇ ಸುರಂಗಕ್ಕೆ ತಳ್ಳುವವರು ಆ ನಿರ್ಧಾರವನ್ನು ಸುರಂಗದ ಮಾಲೀಕರಿಗೆ ಒಪ್ಪಿಸುತ್ತಾರೆ. ಬೇಸತ್ತು ಸುರಂಗವನ್ನೇ ಮುಚ್ಚುವವರು ಅದನ್ನು ಬ್ರಾಡ್‌ಬ್ಯಾಂಡ್ ಕಂಪನಿಗೆ ಒಪ್ಪಿಸುತ್ತಾರೆ. ಒಂದು ಸಂಜೆ ಕುಳಿತು, ಮನೆಯ ಯಾವ ಯಂತ್ರದ ಯಾವ ಮಾತು ಯಾವ ದಾರಿಯಲ್ಲಿ ಹೋಗಬೇಕೆಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳುವ ಶ್ರಮವನ್ನು ನಾವು ತೆಗೆದುಕೊಳ್ಳಬೇಕು. ಕಾನೂನು ಕೊಟ್ಟ ಹಕ್ಕು ಮನೆಯೊಳಗೆ ಜಾರಿಗೆ ಬರುವುದು ಅಂಥ ಸಣ್ಣ ಕೆಲಸಗಳಿಂದಲೇ.